ತುಟಿ ಆಡಿಸದೆ ನಿಂತವನ ಬಗ್ಗೆ

ಮಾನ್ಯರೇ,

ಮೈಸೂರಿನಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ಅಷ್ಟನ್ನೂ ಅಚ್ಚು ಹಾಕಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಸಾರ ಮಾತ್ರ ಹೇಳುತ್ತೇನೆ. ಆಗಸ್ಟ್ 15ರಂದು ನಿಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಧ್ವಜಾರೋಹಣ ನಡೆಯಿತು. ಎರಡನೆಯ ಮಹಡಿಯ ಯುವಕನೊಬ್ಬ ಎಲ್ಲರ ಜೊತೆ ಎದ್ದು ನಿಂತ, ರಾಷ್ಟ್ರಗೀತೆ ಹಾಡಲಿಲ್ಲ, ಜೈಕಾರಕ್ಕೂ ದನಿಗೂಡಿಸಲಿಲ್ಲ. ಕೇಳಿದ್ದಕ್ಕೆ, "ಹಾಡುವುದು ಬೇಡ ಅನ್ನಿಸಿತು" ಎಂದ. ಅವನಿಗೆ ಸಂಘದಿಂದ ನೋಟಿಸ್ ಕೊಡಬೇಕು ಎಂಬುದು ಕಾರ್ಯದರ್ಶಿಯಾದ ನಿಮ್ಮ ಅಭಿಪ್ರಾಯ. "52 ಸೆಕೆಂಡ್ ಬಾಯಿ ತೆರೆಯಲಾರದವನಿಗೆ ಈ ದೇಶ ಯಾಕೆ?" ಎಂದು ಕೇಳಿದ್ದೀರಿ.

ನಾನು ಹಾಡುತ್ತೇನೆ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಹೈಸ್ಕೂಲಿನ ಮೂರು ವರ್ಷ ಹಾಡಿಲ್ಲ. ನನ್ನ ಶ್ರುತಿ ಎಷ್ಟು ಕೆಟ್ಟದಾಗಿತ್ತೆಂದರೆ ನಮ್ಮ ಮೇಷ್ಟರು ಕಿವಿ ಹಿಂಡಿ, "ನೀನು ಬರೀ ತುಟಿ ಆಡಿಸು" ಎಂದು ಅಪ್ಪಣೆ ಮಾಡಿದ್ದರು. ಎದೆ ಸೆಟೆಸಿಕೊಂಡು ದನಿಯಿಲ್ಲದೆ ತುಟಿ ಆಡಿಸುತ್ತಿದ್ದೆ. ಒಂದು ವರ್ಷ ಅತಿಥಿಯಾಗಿ ಬಂದಿದ್ದ ಅಧಿಕಾರಿಗಳು ನನ್ನ ಭುಜ ತಟ್ಟಿ, "ಹುಡುಗರೆಂದರೆ ಹೀಗಿರಬೇಕು" ಎಂದರು. ಪೆಪ್ಪರ್‌ಮೆಂಟೂ ಎರಡು ಸಿಕ್ಕವು.

ಕೇರಳದ ಕೊಟ್ಟಾಯಂ ಜಿಲ್ಲೆಯ ಮೂವರು ಶಾಲಾ ಮಕ್ಕಳು ನನ್ನಷ್ಟು ಜಾಣರಾಗಿರಲಿಲ್ಲ. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥಕ್ಕೆ ಸೇರಿದ ಅವರು ಪ್ರತಿದಿನ ಪ್ರಾರ್ಥನೆಯ ವೇಳೆ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ತಮ್ಮ ಧರ್ಮದ ನಂಬಿಕೆಯಿಂದಾಗಿ ಹಾಡುತ್ತಿರಲಿಲ್ಲ. ಅವರ ಅಕ್ಕಂದಿರೂ ಅದೇ ಶಾಲೆಯಲ್ಲಿ ಹಾಗೆಯೇ ನಿಂತು ಓದಿ ಹೋಗಿದ್ದರು. ಯಾರಿಗೂ ತೊಂದರೆ ಆಗಿರಲಿಲ್ಲ. 1985ರ ಜುಲೈನಲ್ಲಿ ಶಾಸಕರೊಬ್ಬರ ಕಣ್ಣಿಗೆ ಇದು ಬಿತ್ತು. ವಿಷಯ ವಿಧಾನಸಭೆಗೆ ಹೋಯಿತು, ವಿಚಾರಣೆಗೆ ಆಯೋಗ ಬಂತು. ಮಕ್ಕಳು ಕಾನೂನು ಪಾಲಿಸುವವರು, ರಾಷ್ಟ್ರಗೀತೆಗೆ ಅಗೌರವ ತೋರಿಲ್ಲ ಎಂದು ಆಯೋಗವೇ ವರದಿ ಕೊಟ್ಟಿತು. ಆದರೂ ಶಿಕ್ಷಣ ಇಲಾಖೆಯ ಸೂಚನೆಯಂತೆ ಜುಲೈ 26ರಂದು ಮುಖ್ಯೋಪಾಧ್ಯಾಯಿನಿ ಮೂವರನ್ನೂ ಶಾಲೆಯಿಂದ ಹೊರಗೆ ಹಾಕಿದರು.

ಕೇರಳ ಹೈಕೋರ್ಟ್ ಗೀತೆಯ ಪದಪದವನ್ನೂ ಪರಿಶೀಲಿಸಿ, ಯಾರ ಧರ್ಮಕ್ಕೂ ನೋವಾಗುವಂಥ ಮಾತು ಇದರಲ್ಲಿಲ್ಲ ಎಂದಿತು. ನಿಜವೇ, ಇಲ್ಲ. ಆದರೆ ಪ್ರಶ್ನೆ ಅದಲ್ಲ ಎಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ 1986ರ ಆಗಸ್ಟ್ 11ರಂದು ಬರೆದರು. ನಂಬಿಕೆ ನಮಗೆ ಒಪ್ಪುತ್ತದೆಯೇ ಎಂದು ನೋಡುವಂತಿಲ್ಲ, ಅದನ್ನು ನಂಬಿದವರು ಪ್ರಾಮಾಣಿಕವಾಗಿ ನಂಬಿದ್ದಾರೆಯೇ ಎಂದು ನೋಡಬೇಕು. ರಾಷ್ಟ್ರಗೀತೆ ಹಾಡಲೇಬೇಕೆಂದು ಯಾರನ್ನೂ ಕಟ್ಟಿಹಾಕುವ ಕಾನೂನಿಲ್ಲ, ಗೌರವದಿಂದ ಎದ್ದು ನಿಂತವನು ಹಾಡದಿದ್ದರೆ ಅದು ಅಗೌರವವೂ ಅಲ್ಲ. ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದು ತೀರ್ಪಾಯಿತು.

"ಅವರದು ಧರ್ಮ, ಇವನದು ಬರೀ ಕೊಬ್ಬು" ಎನ್ನುತ್ತೀರಿ ಎಂದು ಬಲ್ಲೆ. ಇರಬಹುದು. ಅವನ ಉತ್ತರ ನನಗೂ ಒರಟಾಗಿಯೇ ಕೇಳಿಸಿತು. ಆದರೆ ಆ ತೀರ್ಪು ಸಂವಿಧಾನದಲ್ಲಿ ಧರ್ಮದ ಸ್ವಾತಂತ್ರ್ಯ ಕೊಡುವ 25ನೆಯ ವಿಧಿಯ ಮೇಲಷ್ಟೇ ನಿಂತಿಲ್ಲ, ಮಾತಿನ ಸ್ವಾತಂತ್ರ್ಯದ 19ನೆಯ ವಿಧಿಯ ಮೇಲೂ ನಿಂತಿದೆ. ಸುಮ್ಮನಿರುವುದೂ ಆ ಸ್ವಾತಂತ್ರ್ಯದೊಳಗೇ ಬರುತ್ತದೆ. ಅಲ್ಲದೆ, ಧ್ವಜಸ್ತಂಭದ ಬುಡದಲ್ಲಿ ಐದಾರು ಹಿರಿಯರು ಸುತ್ತುಗಟ್ಟಿ ನಿಂತು ಕಾರಣ ಕೇಳಿದರೆ ಯಾವ ಹುಡುಗ ತಾನೇ ಮನಸ್ಸು ಬಿಚ್ಚಿ ಮಾತನಾಡುತ್ತಾನೆ?

1971ರ ರಾಷ್ಟ್ರ ಗೌರವ ಕಾಯ್ದೆಯನ್ನೂ ನೀವು ಉಲ್ಲೇಖಿಸಿದ್ದೀರಿ. ಅದರ 3ನೆಯ ಸೆಕ್ಷನ್ ಶಿಕ್ಷೆ ಹೇಳುವುದು ಬೇಕೆಂದೇ ಗೀತೆಯ ಗಾಯನವನ್ನು ತಡೆದವರಿಗೆ, ಹಾಡುತ್ತಿರುವ ಸಭೆಗೆ ಅಡ್ಡಿಪಡಿಸಿದವರಿಗೆ. ಗರಿಷ್ಠ ಮೂರು ವರ್ಷ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಗೀತೆಯ ನಡುವೆಯೇ ಸದಸ್ಯರೊಬ್ಬರು ಮೊಬೈಲ್ ಎತ್ತಿಕೊಂಡು ಆ ಹುಡುಗನ ಮುಖದ ಹತ್ತಿರ ಹೋಗಿ ವಿಡಿಯೊ ಮಾಡಿದರು ಎಂದು ನಿಮ್ಮ ಪತ್ರದಲ್ಲೇ ಇದೆ. ಅಡ್ಡಿ ಎಂಬ ಮಾತು ಯಾರಿಗೆ ಹೆಚ್ಚು ಹೊಂದುತ್ತದೆ, ನೀವೇ ಹೇಳಿ.

ಹೀಗೆ ಪಕ್ಕದವನ ತುಟಿ ಕಾಯಲು ಹೊರಟರೆ ಏನಾಗುತ್ತದೆ ಎಂಬುದನ್ನು ಚಿತ್ರಮಂದಿರಗಳಲ್ಲಿ ನೋಡಿದ್ದೇವೆ. 2016ರಲ್ಲಿ ಪಣಜಿಯಲ್ಲಿ ಎದ್ದು ನಿಲ್ಲದ ಒಬ್ಬರಿಗೆ ಹಿಂದಿನಿಂದ ಏಟು ಬಿತ್ತು. ಅವರು ಗಾಲಿಕುರ್ಚಿ ಬಳಸುವವರು, ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಅದೇ ವರ್ಷ ನವೆಂಬರ್ 30ರಂದು ಚಿತ್ರ ಶುರುವಾಗುವ ಮುನ್ನ ರಾಷ್ಟ್ರಗೀತೆ ಕಡ್ಡಾಯ ಎಂದಿದ್ದ ಸುಪ್ರೀಂ ಕೋರ್ಟ್, 2018ರ ಜನವರಿಯಲ್ಲಿ ಆ ಕಡ್ಡಾಯವನ್ನು ಹಿಂತೆಗೆದುಕೊಂಡಿತು.

ಗಡಿಯಲ್ಲಿ ಸೈನಿಕರು ನಿಂತಿರುವಾಗ ಇಂಥ ಸಡಿಲು ಸಲ್ಲದು ಎಂದೂ ಬರೆದಿದ್ದೀರಿ. ಅಮೆರಿಕದ ಸುಪ್ರೀಂ ಕೋರ್ಟ್ 1940ರಲ್ಲಿ ಹೀಗೆಯೇ ಯೋಚಿಸಿ, ಧ್ವಜವಂದನೆ ಮಾಡದ, ಅದೇ ಯೆಹೋವನ ಸಾಕ್ಷಿಗಳ ಪಂಥದ ಮಕ್ಕಳನ್ನು ಶಾಲೆಯಿಂದ ತೆಗೆಯಬಹುದು ಎಂದಿತ್ತು. ಅದರ ಬೆನ್ನಿಗೇ ಆ ಪಂಥದವರ ಮೇಲೆ ಊರೂರಲ್ಲಿ ಹಲ್ಲೆಗಳಾದವು. ಮೂರೇ ವರ್ಷಕ್ಕೆ, 1943ರ ಜೂನ್ 14ರಂದು, ಕೋರ್ಟ್ ತನ್ನ ಮಾತನ್ನು ತಾನೇ ತಿದ್ದಿಕೊಂಡಿತು. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು, ಅವರ ಸೈನಿಕರೂ ಸಾಯುತ್ತಿದ್ದರು.

ನನ್ನ ಸಲಹೆ ಕೇಳಿದ್ದೀರಿ. ಹಾಡದಿದ್ದಕ್ಕೆ ನೋಟಿಸ್ ಬೇಡ, ವಿಡಿಯೊ ಇನ್ನೂ ಗುಂಪಿನಲ್ಲಿದ್ದರೆ ಅಳಿಸಲು ಹೇಳಿ. ಜನವರಿ 26ಕ್ಕೆ ಉಳಿದವರನ್ನು ಕರೆದಂತೆ ಅವನನ್ನೂ ಕರೆಯಿರಿ. ಇನ್ನು, ಮೂರು ತಿಂಗಳಿಂದ ಅವನು ನಿರ್ವಹಣಾ ಶುಲ್ಕ ಕಟ್ಟಿಲ್ಲ ಎಂದು ಕೊನೆಯ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಲ್ಲ, ಅದಕ್ಕೆ ಧಾರಾಳವಾಗಿ ನೋಟಿಸ್ ಕೊಡಿ.

– ಸಂಪಾದಕ