ಬಸ್ಸಿಳಿದು ಬೆಟ್ಟಕ್ಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಭಾನುವಾರ ಮಾತ್ರ ರಜೆ. ಕಾರಿಲ್ಲ, ಬೈಕ್ ಓಡಿಸಲು ಬರುವುದಿಲ್ಲ. ನನಗೂ ತಂಗಿಗೂ ಬಂಡೆ ಬೆಟ್ಟ ಹತ್ತುವ ಆಸೆ. ಎಲ್ಲಿಂದ ಶುರು ಮಾಡೋಣ?
— ಪೀಣ್ಯದ ಓದುಗಿ

ಉತ್ತರ: ಮ್ಯಾಪ್ ತೆಗೆದು ಬೆಂಗಳೂರಿನ ಪಶ್ಚಿಮಕ್ಕೆ ಸ್ವಲ್ಪ ನೋಡಿ. ರಾಮನಗರ, ಸಾವನದುರ್ಗ, ಶಿವಗಂಗೆ, ಮಧುಗಿರಿ. ದಕ್ಷಿಣದಿಂದ ಉತ್ತರಕ್ಕೆ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಇವೆ, ಅಲ್ವಾ? ಇದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಪಟ್ಟಿ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂದರೆ ಬ್ರಿಟಿಷರ ಕಾಲದ ರಾಮನಗರ. ಪಟ್ಟಿಯ ಉದ್ದ ಸುಮಾರು 400 ಕಿ.ಮೀ., ಅಗಲ ಮಾತ್ರ ಕಡಿಮೆ. ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಡುವ ದೊಡ್ಡ ರಸ್ತೆಗಳೆಲ್ಲ ಇದನ್ನು ದಾಟಿಯೇ ಹೋಗಬೇಕು. ಮೈಸೂರು ರಸ್ತೆ ಹಿಡಿದರೆ ರಾಮನಗರ, ಮಾಗಡಿ ರಸ್ತೆಗೆ ಸಾವನದುರ್ಗ, ತುಮಕೂರು ರಸ್ತೆಗೆ ಶಿವಗಂಗೆ. ಮೂರೂ ದಿನವಿಡೀ ಬಸ್ ಓಡುವ ರಸ್ತೆಗಳು. ಬಂಡೆ ಬೆಟ್ಟಕ್ಕೆ ಕಾರು ಬೇಕೇ ಬೇಕು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ನೀವು ತುಮಕೂರು ರಸ್ತೆಯಲ್ಲೇ ಇದ್ದೀರಿ. ಮೊದಲು ಶಿವಗಂಗೆಗೆ ಹೋಗಿ. ತುಮಕೂರಿನ ನಾನ್‌ಸ್ಟಾಪ್ ಹತ್ತಬೇಡಿ, ದಾಬಸ್‌ಪೇಟೆಯಲ್ಲಿ ನಿಲ್ಲುವ ಬಸ್ ಕೇಳಿ ಹತ್ತಿ. ಅಲ್ಲಿಂದ ಬೆಟ್ಟದ ಬುಡಕ್ಕೆ ಬಸ್ಸೂ ಉಂಟು, ಆಟೊವೂ ಉಂಟು. ಮೆಟ್ಟಿಲು ಇರುವುದರಿಂದ ಹೊಸಬರಿಗೆ ಹೆದರಿಕೆ ಇಲ್ಲ. ದಾರಿಯಲ್ಲಿ ಮಜ್ಜಿಗೆ, ಸೌತೆಕಾಯಿ ಸಿಗುತ್ತದೆ. ಒಳಕಲ್ಲು ತೀರ್ಥ ದಾಟಿದ ಮೇಲೆ ಏರು ಜೋರಾಗುತ್ತದೆ. ಬಂಡೆಯ ಪಕ್ಕದ ಆ ಕಡಿದಾದ ಮೆಟ್ಟಿಲಿನಲ್ಲಿ ಕಂಬಿ ಹಿಡಿದು ನಿಧಾನವಾಗಿ ಹೋಗಿ. ಕೋತಿಗಳು ಬಹಳ. ತಿಂಡಿಯ ಕವರ್ ಕೈಯಲ್ಲಿ ಹಿಡಿದು ನಡೆಯಬೇಡಿ, ಬ್ಯಾಗಿನೊಳಗೆ ಇರಲಿ.

ಅದು ಹಿಡಿಸಿದರೆ ಮುಂದಿನ ಸಲ ಮಧುಗಿರಿ. ಬಸ್ಸಿನಲ್ಲಿ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಬೆಟ್ಟ ನಾನು ಕಂಡಿಲ್ಲ. ಪಾವಗಡದ ಬಸ್ ಹತ್ತಿದರೆ ದಾಬಸ್‌ಪೇಟೆ, ಕೊರಟಗೆರೆ ದಾಟಿ ಮಧುಗಿರಿಯಲ್ಲಿ ಇಳಿಯಬಹುದು. ಬಸ್ ಸ್ಟ್ಯಾಂಡಿನಲ್ಲಿ ನಿಂತು ತಲೆ ಎತ್ತಿದರೆ ಇಡೀ ಬೆಟ್ಟ ಎದುರಿಗೇ ಇದೆ. ಆಟೊ ಬೇಡ. ಇಡ್ಲಿ ತಿಂದು, ನೀರು ತುಂಬಿಸಿಕೊಂಡು, ಊರೊಳಗಿಂದಲೇ ನಡೆದು ಕೋಟೆ ಬಾಗಿಲಿಗೆ ಹೋಗಬಹುದು. ಊರಿನಿಂದ ಮೇಲಕ್ಕೆ ಸುಮಾರು 400 ಮೀಟರ್ ಏರು. ಮೊದಲರ್ಧ ಮೆಟ್ಟಿಲು, ಕೋಟೆ ಗೋಡೆ, ಬಾಗಿಲುಗಳು. ಆಮೇಲೆ ಬರೀ ಹಾಸುಬಂಡೆ. ಅದರಲ್ಲಿ ಕಾಲಿಡುವಷ್ಟು ಗುಳಿ ಕೊರೆದಿದ್ದಾರೆ, ಅಷ್ಟೇ. ಅಲ್ಲಿ ತಂಗಿಗೆ ತಲೆ ಸುತ್ತು ಬಂದರೆ ಅರ್ಧಕ್ಕೇ ಕೂತು ನೋಡಿ ಇಳಿಯಿರಿ. ತುದಿ ಮುಟ್ಟಲೇಬೇಕೆಂಬ ಹಟ ಬೇಡ.

ಪ್ರಶ್ನೆ: ಸಾವನದುರ್ಗಕ್ಕೆ ಬಸ್ಸಿನಲ್ಲಿ ಹೋಗಿ, ವಾಪಸ್ ಬರಲು ಏನೂ ಸಿಗದಿದ್ದರೆ? ಅದೇ ಭಯದಿಂದ ಪ್ರತಿ ಸಲ ಬಾಡಿಗೆ ಕಾರು ಮಾಡುತ್ತೇವೆ.
— ವಿಜಯನಗರದ ಓದುಗರು

ಉತ್ತರ: ನಾನು ಮಾಗಡಿಯವಳು. ಆ ಬೆಟ್ಟವನ್ನು ನೋಡುತ್ತಲೇ ಬೆಳೆದವಳು, ಹಾಗಾಗಿ ಈ ಪ್ರಶ್ನೆಗೆ ಉದ್ದವಾಗಿಯೇ ಹೇಳುತ್ತೇನೆ.

ಬೆಂಗಳೂರು–ಮಾಗಡಿ ಬಸ್ಸಿನ ಚಿಂತೆ ಬೇಡ. ಒಂದು ಹೋದರೆ ಇನ್ನೊಂದು ಬರುತ್ತದೆ. ಕಷ್ಟ ಇರುವುದು ಮಾಗಡಿಯಿಂದ ಬೆಟ್ಟದ ಬುಡದವರೆಗಿನ ಸುಮಾರು 12 ಕಿ.ಮೀ.ಗಳಲ್ಲಿ. ಅಲ್ಲಿ ಹಳ್ಳಿ ಬಸ್ಸುಗಳೇ ಗತಿ, ಅವೂ ಕಡಿಮೆ. ಅದಕ್ಕೇ ನಾನು ಯೋಚನೆಯನ್ನು ಸಂಜೆಯಿಂದ ಶುರು ಮಾಡುತ್ತೇನೆ. ಮೊದಲು ಕೊನೇ ಬಸ್ ಎಷ್ಟು ಹೊತ್ತಿಗೆ ಎಂದು ತಿಳಿದುಕೊಳ್ಳಿ. ಅದಕ್ಕಿಂತ ಹಿಂದಿನ ಬಸ್ಸೇ ನಿಮ್ಮ ಬಸ್ ಎಂದುಕೊಳ್ಳಿ. ಕೊನೇದು ಕೈಕೊಟ್ಟಾಗಿನ ಆಸರೆಗೆ ಇರಲಿ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಎಷ್ಟು ಗಂಟೆಗೆ ಇಳಿಯಲು ತಿರುಗಬೇಕು ಎಂಬುದು ಗೊತ್ತಾಗುತ್ತದೆ. ಆ ಹೊತ್ತಾದರೆ ತುದಿ ಹತ್ತೇ ನಿಮಿಷ ದೂರದಲ್ಲಿದ್ದರೂ ತಿರುಗಿಬಿಡಿ.

ಹೊತ್ತು ತಿಳಿಯುವುದು ಹೇಗೆ? ಮೊಬೈಲಿನಲ್ಲಿ ಹುಡುಕಿದರೆ ಹಳ್ಳಿ ಬಸ್ಸಿನ ವೇಳೆ ಸರಿಯಾಗಿ ಸಿಗುವುದಿಲ್ಲ. ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಟಿ.ಸಿ. (ಟ್ರಾಫಿಕ್ ಕಂಟ್ರೋಲರ್) ಕೂತಿರುತ್ತಾರೆ, ಅವರನ್ನು ಕೇಳಿ. ಬುಡದಲ್ಲಿ ಇಳಿಯುವಾಗ ಕಂಡಕ್ಟರ್‌ನ ಕೇಳಿ. ಆಮೇಲೆ ದೇವಸ್ಥಾನದ ಹತ್ತಿರ ಹಣ್ಣುಕಾಯಿ ಮಾರುವವರನ್ನೂ ಕೇಳಿ. ಅವರೂ ಅದೇ ಬಸ್ಸಿಗೆ ಮನೆಗೆ ಹೋಗುವವರಾದರೆ ಅವರ ಮಾತೇ ಹೆಚ್ಚು ಖಚಿತ. ಮೂವರೂ ಒಂದೇ ಹೊತ್ತು ಹೇಳಿದರೆ ನಿಶ್ಚಿಂತೆಯಿಂದ ಹತ್ತಿ. ಬೇರೆ ಬೇರೆ ಹೇಳಿದರೆ ಎಲ್ಲಕ್ಕಿಂತ ಬೇಗನೆಯದನ್ನು ನಂಬಿ. ಮಾಗಡಿಯ ಒಬ್ಬ ಆಟೊದವರ ನಂಬರ್ ತೆಗೆದುಕೊಂಡು, ವಾಪಸ್ ಬರಲು ಎಷ್ಟು ಎಂದು ಬೆಳಿಗ್ಗೆಯೇ ಮಾತಾಡಿಕೊಳ್ಳಿ. ನಾಲ್ಕು ಜನ ಹಂಚಿಕೊಂಡರೆ ಹೊರೆಯಲ್ಲ.

ಸಾವನದುರ್ಗ ಹತ್ತಲು ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. ಆ ಕಾಡಿನಲ್ಲಿ ಕರಡಿ, ಚಿರತೆ ಇವೆ. ಕತ್ತಲಾಗುವ ಮೊದಲೇ ಇಳಿಯಬೇಕು ಎನ್ನುವುದು ಬಸ್ಸಿಗಾಗಿ ಮಾತ್ರ ಅಲ್ಲ.

ಪ್ರಶ್ನೆ: ಮಹಿಳೆಯರ ಉಚಿತ ಪ್ರಯಾಣ ಈ ಊರುಗಳಿಗೂ ಅನ್ವಯಿಸುತ್ತದೆಯೇ?
— ನೆಲಮಂಗಲದ ಓದುಗಿ

ಉತ್ತರ: ಹೌದು. ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಜೊತೆಗಿರಲಿ. ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. ರಾಜಹಂಸ, ಎ.ಸಿ. ಬಸ್ಸಿಗೆ ಇಲ್ಲ. ಆಂಧ್ರದ ಕಡೆ ಹೋಗುವ ಅಂತರರಾಜ್ಯ ಬಸ್ಸಿಗೂ ಇಲ್ಲ. ಬಸ್ಸಿನ ದುಡ್ಡು ಉಳಿದಿದ್ದರಿಂದಲೇ ಮೊದಲ ಸಲ ಬೆಟ್ಟ ನೋಡಿದೆವು ಎಂದು ಹೇಳುವ ಹೆಂಗಸರು ನನಗೆ ದಾರಿಯಲ್ಲಿ ಸಿಗುತ್ತಾರೆ. ತುಂಬಾ ಸಂತೋಷವಾಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಬೆಟ್ಟ ಹಸಿರಾಗಿ ಚೆನ್ನಾಗಿರುತ್ತದೆ. ಆಗ ಹತ್ತಬಹುದಾ?
— ಕುಣಿಗಲ್‌ನ ಕಾಲೇಜು ವಿದ್ಯಾರ್ಥಿ

ಉತ್ತರ: ಮೆಟ್ಟಿಲಿನ ಬೆಟ್ಟ ಆದೀತು. ಹಾಸುಬಂಡೆ ಬೇಡ. ಈ ಕಲ್ಲು ಭೂಮಿಯ ಆಳದಲ್ಲಿ ಆರಿ ಗಟ್ಟಿಯಾದದ್ದು. ಮೇಲಿನ ಭಾರ ಸವೆದುಹೋದಂತೆ ಇದು ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಇಷ್ಟು ನುಣುಪಾದ ಬೆನ್ನು. ಒಣಗಿದ್ದಾಗ ಕಲ್ಲಿನ ಹರಳು ಅಟ್ಟೆಯನ್ನು ಚೆನ್ನಾಗಿ ಕಚ್ಚಿ ಹಿಡಿಯುತ್ತದೆ. ಬಂಡೆಯ ಮೇಲಿಂದ ಕೆಳಗೆ ಕಪ್ಪು ಪಟ್ಟೆಗಳು ಕಾಣುತ್ತವಲ್ಲ, ಅದು ನೀರು ಹರಿಯುವ ದಾರಿ. ಪಾಚಿ ಇರುವುದು ಅಲ್ಲೇ. ಒಣಗಿದಂತೆ ಕಂಡರೂ ಕಪ್ಪು ಪಟ್ಟೆಯ ಮೇಲೆ ಕಾಲಿಡಬೇಡಿ, ಬಿಳಿ ಬಂಡೆಯ ಮೇಲೇ ನಡೆಯಿರಿ. ತುಳಿದಾಗ ಟೊಳ್ಳು ಸದ್ದು ಬಂದರೆ ಆ ಪದರ ಸಡಿಲವಾಗಿರಬಹುದು, ಪಕ್ಕಕ್ಕೆ ಸರಿಯಿರಿ.

ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಬರುತ್ತದೆ. ಬೋಳು ತುದಿಯಲ್ಲಿ ನಿಮಗಿಂತ ಎತ್ತರದ್ದು ಏನೂ ಇರುವುದಿಲ್ಲ. ಮೋಡ ಕಟ್ಟಿದ ಕೂಡಲೇ ಇಳಿಯಿರಿ. ಹೆಜ್ಜೇನು ಕಟ್ಟಿದ ಬಂಡೆಯ ಕೆಳಗೆ ಕೂಗಾಟ, ಬೀಡಿ ಸಿಗರೇಟಿನ ಹೊಗೆ, ಸೆಂಟು ಯಾವುದೂ ಬೇಡ. ಮೇಲಿರುವ ದೊಣೆಯ, ಅಂದರೆ ಬಂಡೆಯ ಗುಳಿಯ, ನೀರಲ್ಲಿ ಸೋಪು ಹಾಕಿ ಕೈ ತೊಳೆಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಬೇಸಿಗೆಯಲ್ಲಿ ಹಕ್ಕಿ, ಕೋತಿಗಳಿಗೆ ಇರುವ ನೀರು ಅದೊಂದೇ. ದಯವಿಟ್ಟು ಹಾಗೆ ಮಾಡಬೇಡಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಆಗಲೂ ಹನ್ನೊಂದರ ಮೇಲೆ ಕಲ್ಲು ಕಾಯುತ್ತದೆ. ತಲೆಗೆ ಟೋಪಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು.

ಪ್ರಶ್ನೆ: ಹತ್ತಿದ ದಾರಿಯಲ್ಲೇ ಇಳಿಯುವುದು ಬೇಸರ. ಬೇರೆ ಕಡೆ ಇಳಿಯಬಹುದಾದ ಬೆಟ್ಟ ಇದೆಯಾ?
— ಯಲಹಂಕದ ಓದುಗರು

ಉತ್ತರ: ಕಾರಿನವರು ಕಾರು ನಿಲ್ಲಿಸಿದ ಜಾಗಕ್ಕೇ ವಾಪಸ್ ಬರಬೇಕು. ನಮಗೆ ಆ ಕಟ್ಟು ಇಲ್ಲ. ನಂದಿಗೆ ಹೋಗಿ. ಚಿಕ್ಕಬಳ್ಳಾಪುರಕ್ಕೆ ಬಸ್, ಅಲ್ಲಿಂದ ನಂದಿ ಗ್ರಾಮಕ್ಕೆ ಇನ್ನೊಂದು. ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ನೋಡಿಕೊಂಡು ಸುಲ್ತಾನ್‌ಪೇಟೆಗೆ ನಡೆಯಿರಿ. ಅಲ್ಲಿಂದ ಹಳೆಯ ಮೆಟ್ಟಿಲು ದಾರಿ ಮೇಲಕ್ಕೆ ಹೋಗುತ್ತದೆ. ತುದಿ 1,478 ಮೀಟರ್. ಮೆಟ್ಟಿಲು ದಾರಿಗೆ ಆ ದಿನ ಬಿಡುತ್ತಾರೆಯೇ ಎಂದು ಮುಂಚೆಯೇ ವಿಚಾರಿಸಿಕೊಳ್ಳಿ. ಇಳಿಯಲು ಮೇಲಿನಿಂದಲೇ ಬಸ್ ಇದೆ, ಮಂಡಿಗೂ ಆರಾಮ. ಭಾನುವಾರ ಆ ಘಾಟಿ ರಸ್ತೆಯಲ್ಲಿ ವಾಹನ ಸಾಲುಗಟ್ಟುತ್ತವೆ, ಬಸ್ಸೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ವಾರದ ಮಧ್ಯೆ ರಜೆ ಹಾಕಲು ಆಗುವುದಾದರೆ ಬುಧವಾರವೋ ಗುರುವಾರವೋ ಹೋಗಿಬನ್ನಿ.