ನಿಶಿಕೋರಿ ಚಿಕ್ಕ ವಯಸ್ಸಿಗೇ ಫ್ಲೋರಿಡಾಕ್ಕೆ ಹೋದದ್ದು ನಿಜ, ಆದರೆ ದುಡ್ಡು ಯಾರದ್ದು ಅಂತ ಮೊದಲು ನೋಡಿ

ಮೇಡಂ, ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ಮಗನಿಗೆ 13 ವರ್ಷ, ಅಂಡರ್-14 ಟೆನ್ನಿಸ್ ಟೂರ್ನಿಗಳಲ್ಲಿ ಚೆನ್ನಾಗಿ ಆಡ್ತಿದ್ದಾನೆ, ಎತ್ತರ ಮಾತ್ರ ಕಡಿಮೆ. ಕೋಚ್ "ಜಪಾನಿನ ಟೆನ್ನಿಸ್ ಆಟಗಾರ ಕೀ ನಿಶಿಕೋರಿ ಇದೇ ವಯಸ್ಸಿಗೆ ಅಮೆರಿಕಕ್ಕೆ ಹೋಗಿದ್ದ, ನೀವೂ ಶಾಲೆ ಬಿಡಿಸಿ ಹೊರಗೆ ಕಳಿಸಿ" ಅಂದಿದ್ದಾರೆ. ಅದಕ್ಕೆ ಮನೆ ಮೇಲೆ ಸಾಲ ತೆಗೆಯೋದಾ ಅಂತ ಕೇಳಿದ್ದೀರಿ. ನನ್ನ ಅಭಿಪ್ರಾಯ: ಈಗ ಬೇಡ. ಫ್ಲೋರಿಡಾಕ್ಕೆ ಹೋದ ಮೇಲೆ ನಿಶಿಕೋರಿಯ ಮೊದಲ ಎಂಟು ವರ್ಷ ಹೇಗೆ ಹೋಯಿತು ಅಂತ ಗೊತ್ತಿದ್ದರೆ ನೀವೇ ಹಾಗೆ ಹೇಳ್ತೀರಿ.

ಹುಡುಗ ಹುಟ್ಟಿದ್ದು 1989ರ ಡಿಸೆಂಬರ್ 29ರಂದು, ಶಿಮಾನೆ ಪ್ರಾಂತ್ಯದ ಮಾತ್ಸುಯೆಯಲ್ಲಿ. ಟೋಕಿಯೊ, ಒಸಾಕಾದಂಥ ದೊಡ್ಡ ಊರಲ್ಲ. ಅಪ್ಪ ಎಂಜಿನಿಯರ್, ಅಮ್ಮ ಪಿಯಾನೊ ಹೇಳಿಕೊಡುತ್ತಿದ್ದವರು. ಐದನೇ ವಯಸ್ಸಿಗೆ ರಾಕೆಟ್ ಹಿಡಿದ, 11ಕ್ಕೆ ತನ್ನ ವಯೋಮಾನದ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದ. ಜಪಾನಿನ ಮಾಜಿ ಆಟಗಾರ ಶುಜೊ ಮಾತ್ಸುವೊಕಾ ನಡೆಸುತ್ತಿದ್ದ ಕಿರಿಯರ ಶಿಬಿರಕ್ಕೂ ಹೋದ. 1995ರಲ್ಲಿ ವಿಂಬಲ್ಡನ್ ಕ್ವಾರ್ಟರ್‌ಫೈನಲ್ ಆಡಿದ ಅದೇ ಮಾತ್ಸುವೊಕಾ. ಇಷ್ಟೆಲ್ಲ ಆದಮೇಲೆ 2003ರಲ್ಲಿ, 14 ತುಂಬುವ ಮೊದಲೇ, ಫ್ಲೋರಿಡಾದ ಬ್ರೇಡೆಂಟನ್‌ನಲ್ಲಿರುವ ಐಎಂಜಿ ಎಂಬ ಕ್ರೀಡಾ ತರಬೇತಿ ಅಕಾಡೆಮಿಗೆ ಹೊರಟ.

ಖರ್ಚು ಅಪ್ಪ-ಅಮ್ಮನ ತಲೆ ಮೇಲೆ ಬೀಳಲಿಲ್ಲ. ಸೋನಿ ಕಂಪನಿ ಕಟ್ಟಿದ ಅಕಿಯೊ ಮೊರಿಟಾ ಅವರ ತಮ್ಮ ಮಸಾಕಿ ಮೊರಿಟಾ ಟೆನ್ನಿಸ್‌ಗಾಗಿಯೇ ಒಂದು ನಿಧಿ ಇಟ್ಟಿದ್ದರು. ಆರಿಸಿದ ಮಕ್ಕಳನ್ನು ಅದರ ದುಡ್ಡಿನಲ್ಲಿ ಕಳಿಸೋದು, ವರ್ಷವರ್ಷ ಗುರಿ ಕೊಡೋದು, ಗುರಿ ಮುಟ್ಟದಿದ್ದರೆ ವಾಪಸ್ ಕರೆಸಿಕೊಳ್ಳೋದು, ಇದು ಅವರ ಪದ್ಧತಿ. ಅಂದರೆ ದುಡ್ಡು ಹಾಕುವವರೇ ಹುಡುಗನನ್ನು ಅಳೆದು ನೋಡಿ ಕಳಿಸಿದರು, ಸೋತರೆ ನಷ್ಟವೂ ಅವರದೇ. ನಿಮ್ಮ ಮನೆಯಲ್ಲಿ ಆ ನಷ್ಟ ನಿಮ್ಮದಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಮನೆ ಅಡವಿಟ್ಟ ವಿಷಯ ಗೊತ್ತಿರುವ ಮಗು ಪ್ರತಿ ಟೈಬ್ರೇಕರ್‌ನಲ್ಲೂ ಆ ಭಾರ ಹೊತ್ತುಕೊಂಡೇ ಆಡುತ್ತದೆ. 13ರ ಹುಡುಗನಿಗೆ ಅದು ಬೇಡವೇ ಬೇಡ.

ಅಲ್ಲಿಗೆ ಹೋದಾಗ ಅವನಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಸ್ವಭಾವವೂ ಸಂಕೋಚದ್ದು. ಅವನ ಸುತ್ತ ಇದ್ದವರು ಇಟ್ಟುಕೊಂಡ ಗುರಿಗೆ "ಪ್ರಾಜೆಕ್ಟ್ 45" ಅಂತ ಹೆಸರು. ಮಾತ್ಸುವೊಕಾ ಮುಟ್ಟಿದ 46ನೇ ರ್‍ಯಾಂಕ್ ಜಪಾನಿನ ಗಂಡಸರಲ್ಲಿ ಅಲ್ಲಿಯವರೆಗಿನ ಅತ್ಯುತ್ತಮ, ಅದನ್ನು ಒಂದಾದರೂ ಸ್ಥಾನ ದಾಟಬೇಕು ಅಂತ. ನನಗೆ ಈ ಗುರಿ ಬಹಳ ಇಷ್ಟ. ನಂಬರ್ ಒನ್ ಆಗಬೇಕು, ವಿಂಬಲ್ಡನ್ ಗೆಲ್ಲಬೇಕು ಅಂತ ಅಲ್ಲ, ಕಣ್ಣಿಗೆ ಕಾಣುವ ಒಂದು ಮೆಟ್ಟಿಲು.

2006ರಲ್ಲಿ ಅರ್ಜೆಂಟೀನಾದ ಎಮಿಲಿಯಾನೊ ಮಾಸ್ಸಾ ಜೊತೆ ಫ್ರೆಂಚ್ ಓಪನ್ ಬಾಲಕರ ಡಬಲ್ಸ್ ಗೆದ್ದ, 2007ರಲ್ಲಿ ಪ್ರೊ ಆದ. ಆಮೇಲೆ 2008ರ ಫೆಬ್ರುವರಿಯಲ್ಲಿ ಫ್ಲೋರಿಡಾದ ಡೆಲ್‌ರೇ ಬೀಚ್. ನಿಮ್ಮ ಕೋಚ್ ತಲೆಯಲ್ಲಿ ಇರೋದು ಬಹುಶಃ ಇದೇ ಟೂರ್ನಿ. ಆಗ ಅವನಿಗೆ 18 ವರ್ಷ, ರ್‍ಯಾಂಕ್ 244. ಕ್ವಾಲಿಫೈಯಿಂಗ್, ಅಂದರೆ ಅರ್ಹತಾ ಪಂದ್ಯಗಳನ್ನು ಆಡಿ ಮುಖ್ಯ ಟೂರ್ನಿಯ ಒಳಗೆ ಬಂದವನು. ಸೆಮಿಫೈನಲ್‌ನಲ್ಲಿ ತನಗಿಂತ ಎಷ್ಟೋ ಎತ್ತರದ ಸ್ಯಾಮ್ ಕ್ವೆರಿ ಎದುರು ನಾಲ್ಕು ಮ್ಯಾಚ್ ಪಾಯಿಂಟ್ (ಆ ಒಂದು ಪಾಯಿಂಟ್ ಹೋದರೆ ಪಂದ್ಯವೇ ಹೋಯಿತು ಅನ್ನುವ ಗಳಿಗೆ) ಉಳಿಸಿಕೊಂಡು ಮೂರನೇ ಸೆಟ್ ಟೈಬ್ರೇಕರ್‌ನಲ್ಲಿ ಗೆದ್ದ. ಫೈನಲ್‌ನಲ್ಲಿ ಜೇಮ್ಸ್ ಬ್ಲೇಕ್ ಮೊದಲ ಸೆಟ್ 6-3ರಿಂದ ತೆಗೆದುಕೊಂಡರು. ಅಲ್ಲಿಂದ ಹುಡುಗ 6-1, 6-4ರಿಂದ ಎರಡೂ ಸೆಟ್ ಗೆದ್ದ. 1992ರಲ್ಲಿ ಮಾತ್ಸುವೊಕಾ ಗೆದ್ದ ಮೇಲೆ ಎಟಿಪಿ (ಪುರುಷರ ವೃತ್ತಿಪರ ಟೆನ್ನಿಸ್ ಟೂರ್) ಪ್ರಶಸ್ತಿ ಗೆದ್ದ ಮೊದಲ ಜಪಾನಿ. ಅದೇ ವರ್ಷ ಯುಎಸ್ ಓಪನ್‌ನಲ್ಲಿ ನಾಲ್ಕನೇ ಶ್ರೇಯಾಂಕದ ಡೇವಿಡ್ ಫೆರರ್‌ನನ್ನು ಐದು ಸೆಟ್‌ಗಳಲ್ಲಿ ಸೋಲಿಸಿದ. ಎಟಿಪಿ ಅವನನ್ನು ವರ್ಷದ ಹೊಸ ಪ್ರತಿಭೆ ಅಂತ ಆರಿಸಿತು.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡ್ತಾರೆ. ನೀವು ಗಮನ ಇಡಬೇಕಾದ ಭಾಗ ಇದರ ಮುಂದಿದೆ.

2009ರಲ್ಲಿ ಬಲ ಮೊಣಕೈ ಕೈಕೊಟ್ಟಿತು. ಆಗಸ್ಟ್‌ನಲ್ಲಿ ಶಸ್ತ್ರಚಿಕಿತ್ಸೆ. ಆ ವರ್ಷದ ಬಹುಭಾಗ ಕೋರ್ಟ್‌ನಿಂದ ಹೊರಗೆ. ಟೆನ್ನಿಸ್ ರ್‍ಯಾಂಕಿಂಗ್ ಅಂದರೆ ಹಿಂದಿನ 52 ವಾರಗಳ ಲೆಕ್ಕ. ಆಡದಿದ್ದರೆ ಪಾಯಿಂಟ್‌ಗಳು ವಾರವಾರ ಉದುರಿಹೋಗುತ್ತವೆ, ಡೆಲ್‌ರೇ ಗೆದ್ದವನು ಅಂತ ಯಾರೂ ರಿಯಾಯಿತಿ ಕೊಡೋದಿಲ್ಲ. 2010ರಲ್ಲಿ ವಾಪಸ್ ಬಂದವನು ಮತ್ತೆ ಚಾಲೆಂಜರ್ ಟೂರ್ನಿಗಳಿಗೆ, ಅಂದರೆ ಮುಖ್ಯ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನವಕ್ಕೆ ಇಳಿದ. ಟಿವಿ ಇಲ್ಲ, ಜನ ಕಡಿಮೆ, ದುಡ್ಡೂ ಕಡಿಮೆ. ಸವಾನಾ, ಸರಸೋಟ, ಬಿಂಗ್‌ಹ್ಯಾಮ್ಟನ್, ನಾಕ್ಸ್‌ವಿಲ್, ನಾಲ್ಕೂ ಕಡೆ ಗೆದ್ದ. ವರ್ಷದ ಕೊನೆಗೆ 98ನೇ ಸ್ಥಾನ. 2011ರ ಅಕ್ಟೋಬರ್‌ನಲ್ಲಿ ಶಾಂಘೈ ಟೂರ್ನಿಯ ಸೆಮಿಫೈನಲ್ ಮುಟ್ಟಿದಾಗ ರ್‍ಯಾಂಕ್ 30. ಮಾತ್ಸುವೊಕಾ ಅವರ 46 ದಾಟಿದ್ದು ಆಗ, ಫ್ಲೋರಿಡಾಕ್ಕೆ ಹೋಗಿ ಎಂಟು ವರ್ಷಕ್ಕೆ. ಅದೂ ಅಷ್ಟು ಬೆಂಬಲ ಇದ್ದ, ಅಂಥ ಪ್ರತಿಭೆಯ ಹುಡುಗನಿಗೆ. ನನಗೆ ಡೆಲ್‌ರೇಗಿಂತ ಆ 2010ನೇ ವರ್ಷವೇ ದೊಡ್ಡದು.

ಎತ್ತರದ ಬಗ್ಗೆ ಹೇಳ್ತೀನಿ. ನಿಶಿಕೋರಿ 178 ಸೆಂ.ಮೀ., ಪುರುಷರ ಟೂರ್‌ನಲ್ಲಿ ಗಿಡ್ಡವರ ಸಾಲಿಗೆ ಸೇರುವವನು. ಸರ್ವ್ ಯಾವತ್ತೂ ಅವನ ಬಲ ಆಗಿರಲಿಲ್ಲ. ಬದಲಿಗೆ ಬೇಸ್‌ಲೈನ್‌ಗೆ ಅಂಟಿಕೊಂಡು ನಿಂತು, ಚೆಂಡು ಇನ್ನೂ ಮೇಲೇಳುತ್ತಿರುವಾಗಲೇ ಹೊಡೆದು, ಎದುರಾಳಿಗೆ ಸಮಯವೇ ಕೊಡುತ್ತಿರಲಿಲ್ಲ. ಎರಡು ಕೈ ಬ್ಯಾಕ್‌ಹ್ಯಾಂಡ್ ಲೈನ್ ಉದ್ದಕ್ಕೆ ಹೋಗುವುದನ್ನು ನೋಡಬೇಕು. ಹುಡುಗನಾಗಿದ್ದಾಗ ಗಾಳಿಗೆ ಜಿಗಿದು ಹೊಡೆಯುತ್ತಿದ್ದ ಫೋರ್‌ಹ್ಯಾಂಡ್‌ಗೆ "ಏರ್ ಕೆ" ಅಂತಲೇ ಹೆಸರು ಬಂತು. ನಿಮ್ಮ ಮಗನಿಗೆ ಬೆಳೆಯೋ ವಯಸ್ಸು ಇನ್ನೂ ಮುಗಿದಿಲ್ಲ, ಎತ್ತರದ ಚಿಂತೆ ಬಿಡಿ. ಕಾಲುಗಳ ಚುರುಕು, ಚೆಂಡನ್ನು ಬೇಗ ಎದುರಿಸುವ ಅಭ್ಯಾಸ, ರಿಟರ್ನ್, ಇವಕ್ಕೆ ಸಮಯ ಕೊಡಲಿ. ಜಿಗಿದು ಹೊಡೆಯೋದು ಆಮೇಲೆ ತಾನಾಗಿ ಬರುತ್ತದೆ.

ಈ ವರ್ಷಕ್ಕೆ ನಾನಾದರೆ ಹೀಗೆ ಮಾಡ್ತೀನಿ. ಶಾಲೆ ಬಿಡಿಸೋದಿಲ್ಲ. ಎಐಟಿಎ (ಅಖಿಲ ಭಾರತ ಟೆನ್ನಿಸ್ ಸಂಸ್ಥೆ) ಟೂರ್ನಿಗಳಲ್ಲಿ ಅಂಡರ್-16 ಹುಡುಗರ ಎದುರು ಆಡಿಸ್ತೀನಿ, ಸೋತರೂ ಪರವಾಗಿಲ್ಲ. ಐಟಿಎಫ್ (ಅಂತರರಾಷ್ಟ್ರೀಯ ಟೆನ್ನಿಸ್ ಫೆಡರೇಶನ್) ಜೂನಿಯರ್‌ನ ಕೆಳಗಿನ ಮೆಟ್ಟಿಲು ಜೆ30, ಅವು ಭಾರತದಲ್ಲೇ ನಡೆಯುತ್ತವೆ. ಅಲ್ಲಿ ಒಂದೆರಡು ಸುತ್ತು ಗೆಲ್ಲುವ ಮಟ್ಟ ಬರುವ ತನಕ ವಿಮಾನದ ಟಿಕೆಟ್ ಮಾತೇ ಬೇಡ. ಆ ಮಟ್ಟ ಬಂದರೆ ಸ್ಪಾನ್ಸರ್‌ಗಳನ್ನು ಕೇಳೋಕೆ ನಿಮ್ಮ ಕೈಯಲ್ಲಿ ಫಲಿತಾಂಶ ಇರುತ್ತದೆ. ಕಬ್ಬನ್ ಪಾರ್ಕ್‌ನ ಕೆಎಸ್‌ಎಲ್‌ಟಿಎ ಕೋರ್ಟ್‌ಗಳಲ್ಲಿ ಚಾಲೆಂಜರ್ ನಡೆದಾಗ ಮಗನನ್ನು ಕರೆದುಕೊಂಡು ಹೋಗಿ, ಫೈನಲ್‌ಗಲ್ಲ, ಕ್ವಾಲಿಫೈಯಿಂಗ್ ದಿನವೇ. ರ್‍ಯಾಂಕ್ 300, 400ರ ಆಟಗಾರರು ಎಷ್ಟು ಚೆನ್ನಾಗಿ ಆಡ್ತಾರೆ, ಒಂದು ಗೆಲುವಿಗೆ ಎಷ್ಟು ಒದ್ದಾಡ್ತಾರೆ ಅಂತ ನಿಮಗಿಬ್ಬರಿಗೂ ಹತ್ತಿರದಿಂದ ಕಾಣುತ್ತದೆ.

ಇನ್ನು ಮೊಣಕೈ. ಸರ್ವ್ ಮಾಡುವಾಗ ಮೊಣಕೈ ಒಳಬದಿ ನೋಯುತ್ತೆ ಅಂತ ಮಗ ಒಂದೇ ಸಲ ಹೇಳಿದರೂ ಅವತ್ತಿನ ಆಟ ನಿಲ್ಲಿಸಿ, ಸ್ಪೋರ್ಟ್ಸ್ ಡಾಕ್ಟರ್ ಹತ್ತಿರ ತೋರಿಸಿ. ಬೆಳೆಯುವ ಮಕ್ಕಳ ಮೂಳೆಯ ತುದಿ ಇನ್ನೂ ಗಟ್ಟಿಯಾಗಿರುವುದಿಲ್ಲ, "ಸ್ಪ್ರೇ ಹೊಡ್ಕೊಂಡು ಆಡು" ಅನ್ನೋದು ತಪ್ಪು. ಟೂರ್ ಆಟಗಾರರು ಹಾಕ್ತಾರೆ ಅಂತ ಈ ವಯಸ್ಸಿಗೆ ಪೂರ್ತಿ ಪಾಲಿಯೆಸ್ಟರ್ ಸ್ಟ್ರಿಂಗ್ ಬಿಗಿಯಾಗಿ ಕಟ್ಟಿಸೋದೂ ಬೇಡ, ಕೈಗೆ ಮೃದುವಾದ ಮಲ್ಟಿಫಿಲಮೆಂಟ್ ಸ್ಟ್ರಿಂಗ್ ಹಾಕಿಸಿ, ಟೆನ್ಶನ್ ಸ್ವಲ್ಪ ಇಳಿಸಿ. ಈಗ ರಾಕೆಟ್ ತೂಕ ಎಷ್ಟು, ಯಾವ ಸ್ಟ್ರಿಂಗ್, ದಿನಕ್ಕೆ ಸುಮಾರು ಎಷ್ಟು ಸರ್ವ್ ಹೊಡೀತಾನೆ ಅಂತ ಇಲ್ಲೇ ಕೆಳಗೆ ಬರೆಯಿರಿ ಮೇಡಂ. ಅದನ್ನು ನೋಡಿ ಮುಂದಿನದು ಹೇಳ್ತೀನಿ.