ಮಗಳಿಗೆ ‘ಮಲ್ಲಿಕಾ’ ಎಂದು ಹೆಸರಿಡಬೇಕೆಂದಿದ್ದೇವೆ: ಅರ್ಥವೇನು, ಹೆಸರು ಹಳತಾಯಿತೇ, ಕಾಸರಗೋಡಿನ ದಾಖಲೆಯಲ್ಲಿ ಹೇಗೆ ಬರೆಸಬೇಕು?

ಒಂದು ಕಡೆ ‘ಮಲ್ಲಿಗೆ’ ಎಂದೂ ಇನ್ನೊಂದು ಕಡೆ ‘ರಾಣಿ’ ಎಂದೂ ಅರ್ಥ ಓದಿ ಗೊಂದಲವಾಗಿದೆ ಎಂದಿದ್ದೀರಿ. ಮಂಜೇಶ್ವರದ ಕಡೆಯವರಾದ್ದರಿಂದ ಮಲಯಾಳದಲ್ಲಿ ಬರೆಸುವ ಚಿಂತೆಯೂ ಇದೆ. ಮೊದಲು ಅರ್ಥದ ವಿಷಯ ಹೇಳುತ್ತೇನೆ.

ಮಲ್ಲಿಕಾ ಎಂದರೆ ಮಲ್ಲಿಗೆ, ಅಷ್ಟೇ. ರಾಣಿ ಎಂಬ ಅರ್ಥದ್ದು ‘ಮಲಿಕಾ’, ಒಂದೇ ಲಕಾರದ್ದು. ಅರಬ್ಬಿಯಿಂದ ಪಾರಸಿ, ಉರ್ದುಗಳಿಗೆ ಬಂದ ಬೇರೆಯೇ ಹೆಸರು. ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ಇವೆರಡನ್ನೂ ಕಲಸಿಬಿಟ್ಟಿರುತ್ತಾರೆ. ಎರಡೂ ಚಂದದ ಹೆಸರುಗಳೇ, ನಮ್ಮ ಜಿಲ್ಲೆಯಲ್ಲಿ ಎರಡೂ ಇವೆ. ಆದರೆ ಸಂಬಂಧವಿಲ್ಲ.

ಅಮರಕೋಶದಲ್ಲಿ ತೃಣಶೂನ್ಯ, ಮಲ್ಲಿಕಾ, ಭೂಪದೀ, ಶೀತಭೀರು ಎಂದು ಒಂದೇ ಗಿಡಕ್ಕೆ ನಾಲ್ಕು ಹೆಸರು ಕೊಟ್ಟಿದೆ. ಶೀತಭೀರು ಎಂದರೆ ಚಳಿಗೆ ಹೆದರುವುದು. ಮಲ್ಲಿಗೆ ಬೆಳೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಬೇಸಗೆಯ ಬಿಸಿಲಿಗೆ ಗಿಡ ತುಂಬ ಮೊಗ್ಗು, ಚಳಿಗೂ ಜಡಿಮಳೆಗೂ ಬರೀ ಎಲೆ. ಸಸ್ಯಶಾಸ್ತ್ರದಲ್ಲಿ ಇದನ್ನು ಜಾಸ್ಮಿನಂ ಸಂಬಾಕ್ ಎನ್ನುತ್ತಾರೆ; ನಮ್ಮಲ್ಲಿಗೆ ಅಟ್ಟೆ, ಚೆಂಡುಗಳ ಲೆಕ್ಕದಲ್ಲಿ ಬರುವ ಉಡುಪಿ ಮಲ್ಲಿಗೆಯೂ ಅದೇ ಜಾತಿ. ಅಮರಕೋಶದ ‘ಮಾಲತಿ’ ಬೇರೆ, ಅದು ಜಾಜಿ. ಆದ್ದರಿಂದ ಅಕ್ಕತಂಗಿಯರಿಗೆ ಮಾಲತಿ, ಮಲ್ಲಿಕಾ ಎಂದು ಇಟ್ಟರೆ ಒಂದೇ ಹೂವಿನ ಹೆಸರು ಎರಡು ಸಲ ಇಟ್ಟಂತಾಗುವುದಿಲ್ಲ.

ಶಾಲೆಯ ವ್ಯಾಕರಣದಲ್ಲಿ ಓದಿದ ತತ್ಸಮ-ತದ್ಭವ ನೆನಪಿದ್ದರೆ, ಆಕಾಶ ‘ಆಗಸ’ವಾದಾಗ ಕಕಾರ ಗಕಾರವಾಯಿತು, ಶಾಲಾ ‘ಶಾಲೆ’ಯಾದಾಗ ಕೊನೆಯ ಆಕಾರ ಎಕಾರವಾಯಿತು. ಮಲ್ಲಿಕಾ ‘ಮಲ್ಲಿಗೆ’ಯಾದಾಗ ಎರಡೂ ಆಗಿವೆ. ತಮಿಳಿನಲ್ಲಿ ಹೂವು ಮಲ್ಲಿಗೈ. ಅಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಹುಡುಗಿಯ ಹೆಸರನ್ನು ‘ಮಲ್ಲಿಗಾ’ ಎಂದೇ ಕರೆಯುತ್ತಾರೆ.

ಹೆಸರಿನ ಹಳಮೆ ದೊಡ್ಡದು. ಬುದ್ಧನ ಕಾಲದ ಕೋಸಲದ ಅರಸ ಪ್ರಸೇನಜಿತುವಿನ ರಾಣಿ ಮಲ್ಲಿಕಾ. ಪಾಲಿ ಪರಂಪರೆಯ ಪ್ರಕಾರ ಆಕೆ ಹೂಮಾಲೆ ಕಟ್ಟುವವನ ಮಗಳು. ಈ ಹೆಸರಿಗೆ ಇದಕ್ಕಿಂತ ಒಪ್ಪುವ ಹಿನ್ನೆಲೆ ನನಗೆ ಗೊತ್ತಿಲ್ಲ. ಶ್ರೀಲಂಕಾದಲ್ಲಿ ಇವತ್ತಿಗೂ ಮಲ್ಲಿಕಾ ಎಂಬ ಹೆಸರಿದೆ. ಜೈನರ 19ನೆಯ ತೀರ್ಥಂಕರ ಮಲ್ಲಿಯನ್ನು ಶ್ವೇತಾಂಬರರು ಸ್ತ್ರೀ ಎಂದೇ ನಂಬುತ್ತಾರೆ. ಕನ್ನಡದವರಿಗಂತೂ 12ನೆಯ ಶತಮಾನದ ಅಕ್ಕಮಹಾದೇವಿಯ ಅಂಕಿತ ‘ಚೆನ್ನಮಲ್ಲಿಕಾರ್ಜುನ’ ಸಾಕು. ಮಲ್ಲಿಕಾ ಮತ್ತು ಅರ್ಜುನ ಸೇರಿ ಮಲ್ಲಿಕಾರ್ಜುನ. ಅರ್ಜುನ ಎಂದರೆ ಬಿಳಿ ಎಂದು ಇಟ್ಟುಕೊಂಡು ‘ಮಲ್ಲಿಗೆಯಂತೆ ಬೆಳ್ಳಗಿನವನು’ ಎಂದು ಬಿಡಿಸುವವರಿದ್ದಾರೆ. ಕಾಸರಗೋಡು ಪೇಟೆಯಲ್ಲೇ ಮಲ್ಲಿಕಾರ್ಜುನ ದೇವಸ್ಥಾನವಿದೆ, ಹಾಗಾಗಿ ಊರಿನ ಕಿವಿಗೆ ಇದು ಹೊಸ ಶಬ್ದವಲ್ಲ.

ಹಿರಿಯರು ಶಾಸ್ತ್ರ ಕೇಳಿದರೆ: ಹೆಣ್ಣುಮಗುವಿನ ಹೆಸರಿನಲ್ಲಿ ಅಕ್ಷರಗಳು ಬೆಸಸಂಖ್ಯೆಯಲ್ಲಿರಬೇಕು, ಕೊನೆಗೆ ಆಕಾರ ಬರಬೇಕು ಎಂದು ಪಾರಸ್ಕರ ಗೃಹ್ಯಸೂತ್ರ ಹೇಳುತ್ತದೆ. ಮ-ಲ್ಲಿ-ಕಾ, ಮೂರಕ್ಷರ, ಆಕಾರಾಂತ. ಮಖಾ ನಕ್ಷತ್ರದ 4 ಪಾದಗಳಿಗೆ ಮ, ಮಿ, ಮು, ಮೆ ಅಕ್ಷರಗಳಾದ್ದರಿಂದ 1ನೇ ಪಾದದಲ್ಲಿ ಹುಟ್ಟಿದ ಮಗುವಿಗೆ ನಕ್ಷತ್ರನಾಮವಾಗಿಯೂ ಹೊಂದುತ್ತದೆ. ಬೇರೆ ನಕ್ಷತ್ರವಾದರೆ ಅದಕ್ಕೊಂದು ಹೆಸರಿಟ್ಟು, ಇದನ್ನು ವ್ಯವಹಾರಕ್ಕೆ ಇಟ್ಟುಕೊಳ್ಳಿ. ಗಿಡಮರದ ಹೆಸರು ಹೆಣ್ಣಿಗೆ ಆಗದು ಎಂದು ಯಾರಾದರೂ ಮನುಸ್ಮೃತಿ ತೆಗೆದರೆ, ಅದೇ ಸಾಲಿನಲ್ಲಿ ನಕ್ಷತ್ರ, ನದಿಗಳ ಹೆಸರೂ ಬೇಡ ಎಂದಿದೆ ಎಂದು ತಿಳಿಸಿ. ರೋಹಿಣಿ, ಗಂಗಾ, ತುಳಸಿ ಇಲ್ಲದ ಕುಟುಂಬ ನಮ್ಮಲ್ಲಿ ಯಾವುದು?

ಹಳತಾಯಿತೇ ಎಂದರೆ, ಹೌದು, ಈಗ 50 ದಾಟಿದ ಹೆಂಗಸರಲ್ಲಿ ಇದು ಹೆಚ್ಚು. ಮಲಯಾಳ ಚಿತ್ರನಟಿ ಮಲ್ಲಿಕಾ ಸುಕುಮಾರನ್, ನೃತ್ಯಗಾತಿ ಮಲ್ಲಿಕಾ ಸಾರಾಭಾಯಿ ಇಬ್ಬರೂ ಆ ತಲೆಮಾರಿನವರು. ಈಗಿನ ಅಂಗನವಾಡಿಗಳಲ್ಲಿ ಎರಡಕ್ಷರದ ಹೆಸರುಗಳದೇ ಸದ್ದು. ನನಗೆ ಇದು ಲಾಭವಾಗಿಯೇ ಕಾಣುತ್ತದೆ. ತರಗತಿಯಲ್ಲಿ ಒಂದೇ ಹೆಸರಿನ ನಾಲ್ವರು ಇರುವುದಿಲ್ಲ, ಆದರೆ ಕೇಳಿದವರು ಯಾರೂ ‘ಏನಂದಿರಿ?’ ಎಂದು ಎರಡನೇ ಸಲ ಕೇಳುವುದೂ ಇಲ್ಲ. ನರ್ಸರಿಯವರು ಮಾತ್ರ ಮಾವಿನ ಕಸಿಗಿಡ ಎಂದುಕೊಂಡಾರು. ನೀಲಂ ಮತ್ತು ದಶಹರಿ ಸೇರಿಸಿ ಮಾಡಿದ ತಳಿಗೂ ಇದೇ ಹೆಸರು.

ಇನ್ನು ದಾಖಲೆ. ಇಲ್ಲಿ ನಿಧಾನವಾಗಿ ಓದಿ, ತೊಂದರೆ ಬರುವುದು ಇಲ್ಲೇ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ವರದಿ ಅಲ್ಲಿಂದಲೇ ಹೋಗುತ್ತದೆ. ನಮ್ಮಲ್ಲಿ 11 ಅಥವಾ 12ನೇ ದಿನ ಹೆಸರಿಡುವವರಿದ್ದಾರೆ, ಮಲಯಾಳಿಗಳ ಕ್ರಮದಲ್ಲಿ 28ನೇ ದಿನ ಮಾಡುವವರೂ ಇದ್ದಾರೆ. ನಿಮ್ಮದು 28 ಆದರೆ ಹೆಸರಿನ ಜಾಗ ಖಾಲಿ ಬಿಟ್ಟೇ ನೋಂದಣಿ ಮಾಡಿಸಿ. ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ ತಡವಾದ ಶುಲ್ಕ ಕಟ್ಟಬೇಕು. ಆಸ್ಪತ್ರೆಯ ಫಾರಂನಲ್ಲಿ ಅವಸರಕ್ಕೆ ಏನೋ ಒಂದು ಬರೆದು ಮತ್ತೆ ಬದಲಿಸಲು ಓಡಾಡುವುದಕ್ಕಿಂತ ಖಾಲಿ ಬಿಡುವುದು ಎಷ್ಟೋ ಮೇಲು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ ಸೇರುವಾಗಲೂ ಪಾಸ್‌ಪೋರ್ಟ್‌ಗೂ ಹುಟ್ಟಿದ ದಿನ, ಊರುಗಳಿಗೆ ಜನನ ಪ್ರಮಾಣಪತ್ರವೇ ಆಧಾರ.

ಕೇರಳದ ಪ್ರಮಾಣಪತ್ರದಲ್ಲಿ ಹೆಸರು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬರುತ್ತದೆ. ಮಲಯಾಳದಲ್ಲಿ ಇಂಥ ಹೆಸರುಗಳ ಕೊನೆಯನ್ನು ಹ್ರಸ್ವವಾಗಿಯೇ ಬರೆಯುತ್ತಾರೆ: ರಾಧ, ಸೀತ, ಮಲ್ಲಿಕ. ಅದು ತಪ್ಪಲ್ಲ, ಅಲ್ಲಿನ ರೂಢಿ. ದೀರ್ಘ ಬೇಕೆಂದು ಹಟ ಹಿಡಿಯಬೇಡಿ. ಮುಖ್ಯವಾಗಿ ನೋಡಬೇಕಾದ್ದು ಲಕಾರವನ್ನು. ಮಲಯಾಳ ಟೈಪಿಂಗಿನಲ್ಲಿ ‘ಲ್ಲ’ ಬದಲು ‘ಳ್ಳ’ ಬೀಳುವುದುಂಟು. ಅಕ್ಷಯ ಕೇಂದ್ರದಲ್ಲಿ ಅರ್ಜಿ ಕಳಿಸುವ ಮೊದಲು ಪರದೆಯ ಮೇಲಿನ ಅಕ್ಷರವನ್ನು, ಮಲಯಾಳ ಓದಲು ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡಾದರೂ, ಕಣ್ಣಾರೆ ನೋಡಿ.

ಇಂಗ್ಲಿಷಿನಲ್ಲಿ ಎಂ, ಎ, ಎಲ್, ಎಲ್, ಐ, ಕೆ, ಎ: ಏಳೇ ಅಕ್ಷರ. ಎಲ್ ಒಂದೇ ಆದರೆ ಮೇಲೆ ಹೇಳಿದ ರಾಣಿಯ ಹೆಸರಾಗುತ್ತದೆ. ಮಲಯಾಳಿಗಳು ಅದನ್ನು ‘ಮಾಳಿಗ’ ಎಂದೂ ಓದಿಯಾರು, ಅಂದರೆ ಮಹಡಿ ಮನೆ. ಕೊನೆಗೆ ಎರಡು ಎ, ನಡುವೆ ಒಂದು ಎಚ್ ಎಂದು ಸಂಖ್ಯಾಶಾಸ್ತ್ರಕ್ಕಾಗಿ ತುರುಕಬೇಡಿ. ಮಾಲತಿ, ಲತಾ, ಪಾರಿಜಾತಾ ಎಂದಿಟ್ಟವರಿಗೆ ತಕಾರಕ್ಕೆ ಟಿ ಸಾಕೇ ಟಿಎಚ್ ಬೇಕೇ ಎಂಬ ರಗಳೆ ಜೀವನಪೂರ್ತಿ ಇರುತ್ತದೆ, ಒಂದು ದಾಖಲೆಯಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ. ಮಲ್ಲಿಕಾದಲ್ಲಿ ಆ ತೊಡಕೇ ಇಲ್ಲ.

ಇನಿಷಿಯಲ್ ಹಾಕುವುದಾದರೆ ಈಗಲೇ ತೀರ್ಮಾನಿಸಿ, ಆಧಾರ್‌ನಲ್ಲೂ ಅದನ್ನೇ ಬರೆಸಿ. ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರಕ್ಕೆ ಹೆಸರು ಹೋಗುವುದು ಶಾಲೆಯ ‘ಸಂಪೂರ್ಣ’ ತಂತ್ರಾಂಶದಿಂದ. ಒಂದನೇ ತರಗತಿಗೆ ಸೇರಿಸುವಾಗಲೇ ಅಲ್ಲಿ ದಾಖಲಾದ ಹೆಸರನ್ನು ಜನನ ಪ್ರಮಾಣಪತ್ರದೊಂದಿಗೆ ತಾಳೆ ನೋಡಿ.

ಕೊನೆಗೆ ಕರೆಯುವ ಹೆಸರು. ಕನ್ನಡದ ಮನೆಗಳಲ್ಲಿ ಮಲ್ಲಿಕಾ ಸಹಜವಾಗಿ ‘ಮಲ್ಲಿ’ಯಾಗುತ್ತಾಳೆ. ಮಲಯಾಳದಲ್ಲಿ ಮಲ್ಲಿ ಎಂದರೆ ಕೊತ್ತಂಬರಿ. ಅಂಗಡಿಯ ಕೊತ್ತಂಬರಿ ಪುಡಿಯ ಪೊಟ್ಟಣದ ಮೇಲೆ ‘ಮಲ್ಲಿಪ್ಪೊಡಿ’ ಎಂದೇ ಬರೆದಿರುತ್ತದೆ. ಅಲ್ಲಿ ಮಲ್ಲಿಗೆ ಹೂವು ‘ಮುಲ್ಲ’. ಶಾಲೆಯಲ್ಲಿ ಮಕ್ಕಳು ಚುಡಾಯಿಸುವುದು ಬೇಡವೆನಿಸಿದರೆ ಮಲ್ಲಿ ಮನೆಯೊಳಗಿರಲಿ, ಹೊರಗೆ ಪೂರ್ತಿ ಮಲ್ಲಿಕಾ ಎಂದೇ ಕರೆಯುವ ಅಭ್ಯಾಸ ಮಾಡಿ.